ಟ್ರ್ಯಾಕ್ ಮಾಸ್ತರರ ಕೆಮ್ಮು

ಅಡುಗೆಮನೆಯ ಅಟ್ಟದ ಮೇಲಿದ್ದ ಕೆಟ್ಟ ಮಿಕ್ಸಿಯ ಜಾರಿನೊಳಗೆ ಕೈ ತೂರಿಸಿ ಮಗಳು ಕೇಬಲ್ಲನ್ನು ಎಳೆಯುತ್ತಿದ್ದಾಗ, ಹಿಂದಿನಿಂದ ತಾಯಿ ಬಂದು ಸ್ಟೂಲಿನ ಕಾಲು ಹಿಡಿದುಕೊಂಡಳು. ಮಗಳು ಬೀಳದಿರಲಿ ಎಂದು ಹಿಡಿದದ್ದಲ್ಲ.

"ಇಳಿ ಕೆಳಗೆ."

"ಒಂದ್ ನಿಮಿಷ ಅಮ್ಮಾ."

"ಅದು ಅಲ್ಲಿದೆ ಅಂತ ಯಾರು ಹೇಳಿದ್ರು ನಿಂಗೆ?"

"ಅಪ್ಪನೇ."

ತಾಯಿಯ ಹಿಡಿತ ಸಡಿಲವಾಗಲಿಲ್ಲ. ಆ ಮನೆಯಲ್ಲಿ ಕೀಬೋರ್ಡಿನ ಸದ್ದನ್ನು ಕಂಪ್ಯೂಟರಿಗೆ ಒಯ್ಯುವ ಕೇಬಲ್ಲುಗಳು ಎರಡಿದ್ದವು. ಒಂದು ಕೆಟ್ಟದ್ದು, ಸದಾ ಕೀಬೋರ್ಡಿನ ಪೆಟ್ಟಿಗೆಯೊಳಗೆ ಎಲ್ಲರ ಕಣ್ಣಿಗೆ ಬೀಳುವಂತೆ ಇರುತ್ತಿತ್ತು. ಅದನ್ನು ಕೆಡಿಸಿದವರು ವಾದ್ಯಗೋಷ್ಠಿಗೆ ಹಿನ್ನೆಲೆ ಟ್ರ್ಯಾಕ್ ಕಟ್ಟುತ್ತಿದ್ದ ಅವಳಪ್ಪ, ಮಾಸ್ತರರೇ. ಪಿನ್ನಿನ ಮುಚ್ಚಳ ತಿರುಚಿ ತೆಗೆದು, ಒಳಗಿನ ಎಳೆಯನ್ನು ಬ್ಲೇಡಿನಿಂದ ಅರ್ಧ ಕತ್ತರಿಸಿ, ಮತ್ತೆ ಮುಚ್ಚಿದ್ದರು. ವಾದ್ಯಗೋಷ್ಠಿಯ ಯಜಮಾನ ಹಾಡುಗಳನ್ನು ಆಡಿಯೋ ಮಾಡಿಕೊಡು ಎಂದು ಕೇಳಿದಾಗಲೆಲ್ಲ ಆ ಕೇಬಲ್ ಚುಚ್ಚಿ ಗುಂಯ್‌ ಎನ್ನುವ ಸದ್ದು ಕೇಳಿಸಿ, ನೋಡಿ ಯಜಮಾನ್ರೇ, ಹಾಡಿಗಿಂತ ಇದೇ ಜೋರು ಎನ್ನುತ್ತಿದ್ದರು. ಒಳ್ಳೆಯ ಕೇಬಲ್ ಮಿಕ್ಸಿ ಜಾರಿನಲ್ಲಿ ವರ್ಷಗಟ್ಟಲೆ ಸುತ್ತಿಕೊಂಡು ಮಲಗಿತ್ತು.

"ಬದುಕಿದ್ದಾಗ ಆ ಮನುಷ್ಯನ ಕೈಯಿಂದ ಕಿತ್ಕೊಳ್ಳೋಕಾಗದ್ದನ್ನ, ಹೆಣ ಇನ್ನೂ ಮನೇಲಿರುವಾಗ ನೀನು ಎರಡೂ ಕೈಲಿ ಎತ್ತಿ ಕೊಡ್ತಿದ್ದೀಯ" ಎಂದಳು ತಾಯಿ, ಹಲ್ಲು ಕಚ್ಚಿಕೊಂಡು. "ನಿನ್ನ ಹೊಟ್ಟೇಲಿ ಏನಿದೆ, ಹೇಳಿಬಿಡು."

ಮಗಳು ಒಲೆಯ ಕಡೆ ನೋಡಿದಳು. ಅಲ್ಲಿ ಬಂದವರಿಗೆಂದು ಹಾಡತ್ತೆ ಟೀ ಸೋಸುತ್ತಿದ್ದಳು. ಅವಳು ಗೋಷ್ಠಿಯ ಗಾಯಕಿ; ಮಗಳು ಮಾತು ಕಲಿಯುವಾಗ ಹಾಡತ್ತೆ ಎಂದು ಕರೆದದ್ದೇ ಹೆಸರಾಗಿ ನಿಂತುಬಿಟ್ಟಿತ್ತು. ಅವಳು ಇತ್ತ ತಿರುಗಲಿಲ್ಲ. ಆದರೆ ಸೋಸುತ್ತಿದ್ದ ಕೈ ನಿಧಾನವಾಗಿತ್ತು.

"ಆಮೇಲೆ ಹೇಳ್ತೀನಮ್ಮಾ" ಎಂದು ಮಗಳು ಕೇಬಲ್ಲನ್ನು ಕೊರಳಿಗೆ ಹಾಕಿಕೊಂಡು ಇಳಿದಳು. ತಾಯಿ ಅವಳ ಮುಖ ನೋಡದೆ ಪಕ್ಕಕ್ಕೆ ಸರಿದಳು.

ಹೊರಗಿನ ಕೋಣೆಯಲ್ಲಿ ಮಾಸ್ತರರು ಮಂಚದ ಮೇಲೆ ಮಲಗಿದ್ದರು. ನಿನ್ನೆ ಸಂಜೆ ಕ್ಷೌರದಂಗಡಿಯ ಕುರ್ಚಿಯಲ್ಲಿ, ಒಂದು ಕೆನ್ನೆ ಹೆರೆದು ಇನ್ನೊಂದಕ್ಕೆ ನೊರೆ ಹಚ್ಚುವಷ್ಟರಲ್ಲಿ ಅವರ ಉಸಿರು ನಿಂತಿತ್ತು. ಅಂಗಡಿಯವನು ಬೆಳಿಗ್ಗೆ ಯಾರೂ ಕರೆಯದೆ ಬಂದು ಉಳಿದ ಕೆನ್ನೆಯನ್ನೂ ಹೆರೆದು, ಟವೆಲಿನಿಂದ ಒತ್ತಿ ಒರೆಸಿ, ನೆಟ್ಟಗೆ ಎದ್ದು ಹೋಗಿದ್ದ. ಮಾಸ್ತರರ ತಮ್ಮ ರೈಲಿನಲ್ಲಿದ್ದ. ಅವನು ಬಂದೊಡನೆ ಎತ್ತುವುದು ಎಂದಾಗಿತ್ತು. ಅಲ್ಲಿಯವರೆಗೆ ಬಂದವರು ಮುಖ ನೋಡುವುದು, ಚಪ್ಪಲಿ ಹುಡುಕುವುದು, ಹೊರಗೆ ನಿಂತು ಮೊಬೈಲ್ ನೋಡುವುದು.

ಬಾಗಿಲ ಪಕ್ಕದ ಕುರ್ಚಿಯಲ್ಲಿ ಯಜಮಾನ ಕೂತಿದ್ದ. ಬೆಳಕು ಹರಿಯುವಷ್ಟರಲ್ಲಿ ಬಂದವನು. ಗೋಷ್ಠಿಯ ಹೆಸರು ಬಳಿದ ವ್ಯಾನನ್ನೇ ತಂದು ಮನೆ ಮುಂದೆ ನಿಲ್ಲಿಸಿ, ತಂಗೀ, ಮಾಸ್ತರು ನನ್ನ ಬಲಗೈ ಆಗಿದ್ರು, ಮಣ್ಣಿಗೆ ನಮ್ಮ ವ್ಯಾನಲ್ಲೇ ಹೋಗಲಿ ಎಂದಿದ್ದ. ಅದಾದ ಮೇಲೆ ಒಂದು ಲೋಟ ನೀರು ಕುಡಿದು, ಅದೇ ದನಿಯಲ್ಲಿ, ಕೀಬೋರ್ಡು ಹೇಗೂ ಗೋಷ್ಠಿಯದ್ದು, ಸಂಜೆ ಪ್ರೋಗ್ರಾಂ ಇದೆ, ಈಗಲೇ ಎತ್ತಿ ಇಟ್ಕೋತೀನಿ ಎಂದಿದ್ದ.

ತಾಯಿ ಕೀಬೋರ್ಡಿನ ಕೋಣೆಯ ಬಾಗಿಲಿಗೆ ಅಡ್ಡ ನಿಂತಿದ್ದಳು. ಆ ಗಲಾಟೆಯಲ್ಲಿ ಯಜಮಾನ ಸಿಟ್ಟಿನಿಂದ ಹೊರಗೆ ಹೋಗಿ ವ್ಯಾನಿನ ಮರೆಯಲ್ಲಿ ಯಾರೋ ಹೊಸ ಗಾಯಕಿಗೆ ಫೋನು ಮಾಡಿದ್ದ. ಕುರ್ಚಿ ತರಲು ಹೋಗಿದ್ದ ಮಗಳು ವ್ಯಾನಿನ ಈಚೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ಇವತ್ತೊಂದಿನ ಹಳಬಳೇ ಹಾಡ್ಲಿ ಬಿಡಮ್ಮ. ಅಂಗಡೀಲಿ ಕೊಟ್ಟು ಆಡಿಯೋ ಮಾಡಿಸ್ತೀನಿ, ಎಲ್ಲ ಒರಿಜಿನಲ್ ಪಿಚ್ಚು, ಮೂಲ ಹಾಡಿನಷ್ಟೇ ಎತ್ತರದ ಶ್ರುತಿ. ಮಾಸ್ತರು ಏನೋ ಮಾಡಿ ಅವಳನ್ನ ತೇಲಿಸ್ತಿದ್ದ. ಇವತ್ತು ಮೇಲೇರೋ ಜಾಗದಲ್ಲಿ ಒಡೀತಾಳೆ, ಜನಾನೇ ಕೂಗಿ ಇಳಿಸ್ತಾರೆ. ನಾನು ಬೇಡ ಅಂದ ಹಾಗೂ ಆಗಲ್ಲ. ನಾಳೆಯಿಂದ ನೀನು."

ಮಗಳು ಕುರ್ಚಿ ತಂದಿಟ್ಟಳು. ಯಜಮಾನ ಒಳಗೆ ಬಂದು ಕೂತ ಮೇಲೆ, ಎಲ್ಲರಿಗೂ ಕೇಳುವ ಹಾಗೆ, ನೀವು ಅಂಗಡಿಗೆ ಹೋಗೋದು ಬೇಡ, ಚಿಕ್ಕಪ್ಪ ಬರೋದ್ರೊಳಗೆ ನಾನೇ ಮಾಡಿ ಪೆನ್‌ಡ್ರೈವಲ್ಲಿ ಕೊಡ್ತೀನಿ, ಅಷ್ಟರತನಕ ಕೀಬೋರ್ಡು ಮುಟ್ಟಬೇಡಿ ಎಂದಳು. ಯಜಮಾನನ ಮುಖ ಅರಳಿತು. ನೋಡಿ, ಓದಿದ ಮಕ್ಕಳು ಅಂದ್ರೆ ಹೀಗಿರ್ಬೇಕು ಎಂದ. ಸುತ್ತ ಕೂತವರು ನೆಲ ನೋಡಿದರು. ತಾಯಿ ಮಗಳನ್ನು ನೋಡಿದಳು.

*

ಅವಳು ಚಿಕ್ಕವಳಿದ್ದಾಗ ಸ್ಟೇಜಿನ ಮೇಲೆ ಅಪ್ಪನ ಪಕ್ಕ ಸ್ಪೀಕರಿನ ಪೆಟ್ಟಿಗೆ ಮೇಲೆ ಕೂರುತ್ತಿದ್ದಳು. ಹಾಡತ್ತೆ ಪರದೆಯ ಹಿಂದಿನಿಂದ ಬರುವ ಮೊದಲು ಅಪ್ಪ ಕೆಮ್ಮುತ್ತಿದ್ದರು. ಕೆಮ್ಮಿದಾಗಲೇ ಅವರ ಹೆಬ್ಬೆರಳು ಕೀಬೋರ್ಡಿನ ಎಡಮೂಲೆಯ ಸಣ್ಣ ಬಟನ್ನಿನ ಮೇಲೆ ಒಂದು ಸಲ ಕೂತು ಏಳುತ್ತಿತ್ತು, ಅದರ ಟಿಕ್ ಸದ್ದು ಕೆಮ್ಮಿನಲ್ಲಿ ಮುಳುಗುತ್ತಿತ್ತು. ಪುಟ್ಟ ಪರದೆಯಲ್ಲಿ ಸೊನ್ನೆ ಇದ್ದದ್ದು ಮೈನಸ್ ಒಂದಾಗುತ್ತಿತ್ತು.

ಅದು ಏನು ಎಂದು ಒಂದು ದಿನ ಕೇಳಿದಳು. ಅಪ್ಪ ಅಡುಗೆಮನೆಯ ಕಡೆ ನೋಡಿ, ದನಿ ತಗ್ಗಿಸಿ ಹೇಳಿದರು. ಆ ಬಟನ್ ಒತ್ತಿದರೆ ಇಡೀ ಹಾಡಿನ ಶ್ರುತಿ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಡ್ರಮ್ ಮಾತ್ರ ಇದ್ದಲ್ಲೇ ಇರುತ್ತದೆ. ಅದಕ್ಕೆ ಮೇಲೂ ಇಲ್ಲ ಕೆಳಗೂ ಇಲ್ಲ.

"ಗಂಟಲು ಮನುಷ್ಯರದ್ದು ಮಗಾ. ವಯಸ್ಸಾದ್ರೆ ಇಳಿಯುತ್ತೆ. ಆದ್ರೆ ಇಳಿದಿದೆ ಅಂತ ಗೊತ್ತಾದ್ರೆ ಇನ್ನೂ ಬೇಗ ಇಳಿಯುತ್ತೆ."

"ಒಂದೇ ಸಲ ಇಳಿಸಿ ಇಟ್ಟುಬಿಡೋಕಾಗಲ್ವಾ?"

"ಈ ಪೆಟ್ಟಿಗೆ ಆಫ್ ಮಾಡಿದ ಕೂಡ್ಲೇ ಸೊನ್ನೆಗೇ ಹೋಗುತ್ತೆ. ಇದಕ್ಕೆ ನೆನಪಿಲ್ಲ. ದಿನಾ ನಾನೇ ನೆನಪಿಟ್ಕೋಬೇಕು."

ವರ್ಷಗಳು ಹೋದಂತೆ ಮೈನಸ್ ಒಂದು ಎರಡಾಯಿತು, ಮೂರಾಯಿತು. ಹಾಡತ್ತೆ ಬಿಸಿನೀರಿನ ಫ್ಲಾಸ್ಕು ಹಿಡಿದು ಹೊಸ ಹುಡುಗಿಯರಿಗೆ ಹೇಳುತ್ತಿದ್ದಳು: ಮೊದಲ ದಿನ ಯಾವ ಪಿಚ್ಚಲ್ಲಿ ಹಾಡಿದ್ನೋ ಇವತ್ತೂ ಅದೇ, ಕೂದಲೆಳೆಯಷ್ಟೂ ಕದಲಿಲ್ಲ. ಕೀಬೋರ್ಡಿನ ಹಿಂದೆ ಮಾಸ್ತರರು ತಲೆ ಆಡಿಸುತ್ತಿದ್ದರು.

ಮನೆಯಲ್ಲಿ ಒಂದು ದಿನವೂ ಕೆಮ್ಮದ ಮನುಷ್ಯ ಸ್ಟೇಜ್ ಹತ್ತಿದ ಕೂಡಲೇ ಒಂದರ ಹಿಂದೆ ಒಂದು ಕೆಮ್ಮುವುದು ತಾಯಿಗೆ ದೊಡ್ಡ ಚಿಂತೆಯಾಗಿತ್ತು. ಕೆಮ್ಮಿನ ಔಷಧಿ ತಂದು ಪ್ರೋಗ್ರಾಮಿಗೆ ಹೊರಡುವ ಮುನ್ನ ಎರಡು ಚಮಚ ಬಾಯಿಗೆ ಹಾಕುತ್ತಿದ್ದಳು. ಅವರು ಎದುರು ಮಾತಾಡದೆ ನುಂಗಿ, ಮುಖ ಸಿಂಡರಿಸಿ, ವ್ಯಾನ್ ಹತ್ತುತ್ತಿದ್ದರು.

*

ಕೀಬೋರ್ಡು ಕಿಟಕಿಯ ಕೆಳಗಿನ ಮೇಜಿನ ಮೇಲಿತ್ತು. ಎಷ್ಟು ಹಳತೆಂದರೆ ಅದರ ಫ್ಲಾಪಿ ಹಾಕುವ ಬಾಯಿ ಸತ್ತು ಬಹಳ ಕಾಲವಾಗಿತ್ತು. ಒಳಗಿದ್ದದ್ದು ಒಳಗೇ. ಅದೂ ಸದ್ದಿನ ರೂಪದಲ್ಲಿ ಅಲ್ಲ; ಯಾವ ಕೀಲಿ, ಯಾವ ಕ್ಷಣಕ್ಕೆ, ಎಷ್ಟು ಒತ್ತಿ, ಎಷ್ಟು ಹೊತ್ತು ಎಂಬ ಅಪ್ಪಣೆಗಳ ರೂಪದಲ್ಲಿ. ಪೀಟೀಲಿನ ಬಾಗು, ಕೊಳಲಿನ ಉಸಿರು, ಗಿಟಾರಿನ ಮೀಟು ಎಲ್ಲವನ್ನೂ ಮಾಸ್ತರರು ಹತ್ತು ಬೆರಳಲ್ಲಿ ಒಂದೊಂದಾಗಿ ನುಡಿಸಿ, ಒಂದರ ಮೇಲೊಂದು ಹಾಸಿ, ನಡುವೆ ಹಾಡುವವಳ ದನಿಗೆ ಜಾಗ ಬಿಟ್ಟು ಕಟ್ಟಿದ್ದರು. ಆ ಅಪ್ಪಣೆ ಆ ಪೆಟ್ಟಿಗೆಗೆ ಬಿಟ್ಟರೆ ಬೇರೆ ಯಾವುದಕ್ಕೂ ಅರ್ಥವಾಗುತ್ತಿರಲಿಲ್ಲ. ಆಡಿಯೋ ಬೇಕೆಂದರೆ ಕೇಬಲ್ ಚುಚ್ಚಿ, ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಹಾಕಿ, ಹಾಡನ್ನು ಮೊದಲಿನಿಂದ ಕೊನೆವರೆಗೆ ನುಡಿಯಲು ಬಿಡಬೇಕು. ಐದು ನಿಮಿಷದ ಹಾಡಿಗೆ ಐದು ನಿಮಿಷ. ಯಾವ ಯಜಮಾನ ಕೂಗಿದರೂ ಅದು ಓಡುವುದಿಲ್ಲ.

ಮಗಳು ಫೋಟೊ ಸ್ಟುಡಿಯೋದಲ್ಲಿ ಮದುವೆ ವಿಡಿಯೋಗಳಿಗೆ ಸಂಗೀತ ಕೂಡಿಸುವ ಕೆಲಸದಲ್ಲಿದ್ದಳು. ಅವಳಿಗೆ ಇದು ಹೊಸದಲ್ಲ. ಮೊದಲ ಹಾಡು ತೆರೆದಳು. ಪರದೆಯಲ್ಲಿ ಸೊನ್ನೆ. ಬಟನ್ ಒತ್ತಿದಳು. ಒಂದು, ಎರಡು, ಮೂರು, ನಾಲ್ಕು. ಹೋದ ವಾರ ಅಪ್ಪ ಒತ್ತಿದ್ದು ನಾಲ್ಕು. ಯಾರಾದರೂ ಒಳಗೆ ಬಂದರೆ ಕಾಣದಿರಲೆಂದು ಅಪ್ಪನ ಕನ್ನಡಕದ ಡಬ್ಬಿಯನ್ನು ಪುಟ್ಟ ಪರದೆಯ ಆ ಅಂಕಿಗೆ ಅಡ್ಡ ಇಟ್ಟಳು.

ರೆಕಾರ್ಡ್. ಲ್ಯಾಪ್‌ಟಾಪಿನಲ್ಲಿ ಹಸಿರು ಗೆರೆಗಳು ಏಳತೊಡಗಿದವು. ಕೋಣೆಯಲ್ಲಿ ಸದ್ದಿಲ್ಲ, ಸದ್ದೆಲ್ಲ ಅವಳ ಕಿವಿಯ ಹೆಡ್‌ಫೋನಿನಲ್ಲಿ. ಕಿಟಕಿಯಾಚೆ ಅಂಗಳದಲ್ಲಿ ಯಾರೋ ಅಳುತ್ತಿದ್ದದ್ದು ತುಟಿಗಳಲ್ಲಿ ಮಾತ್ರ ಕಾಣುತ್ತಿತ್ತು.

ಹಾಡು ಮುಗಿಯಿತು. ನಾಲ್ಕು ಮೆಟ್ಟಿಲು ಕೆಳಗೆ ಅಚ್ಚಾಗಿ ಕೂತಿತು. ಇನ್ನು ಇದಕ್ಕೆ ಹಾಡಬಲ್ಲವಳು ಹಾಡತ್ತೆ ಒಬ್ಬಳೇ. ಆ ಹೊಸ ಹುಡುಗಿ ಹಾಡಿದರೆ ಬಾವಿಯೊಳಗಿನಿಂದ ಕೂಗಿದ ಹಾಗಿರುತ್ತದೆ. ಯಾರಾದರೂ ಆಡಿಯೋವನ್ನೇ ಎಳೆದು ಮೇಲೆತ್ತಲು ಹೋದರೆ ಡ್ರಮ್ಮೂ ಜೊತೆಗೇ ಏರಿ ತಗಡು ಬಡಿದಂತಾಗುತ್ತದೆ. ಎಂಥ ಕಿವುಡನೂ ಎದ್ದು ಹೋಗುತ್ತಾನೆ.

ಆದರೆ ಕೀಬೋರ್ಡಿನೊಳಗೆ ಸೊನ್ನೆಯಲ್ಲಿ ಕೂತ ಅಸಲು ಇರುವವರೆಗೆ ಇದಕ್ಕೆ ಅರ್ಥವಿಲ್ಲ. ಯಜಮಾನ ಪೆಟ್ಟಿಗೆ ಒಯ್ದು ಅಂಗಡಿಯಲ್ಲಿ ಮತ್ತೆ ತೆಗೆಸುತ್ತಾನೆ.

ಅವಳು ಆ ಹಾಡಿನ ಹೆಸರಿಗೆ ಹೋಗಿ ಅಳಿಸುವ ಬಟನ್ ಒತ್ತಿದಳು. ಡಿಲೀಟ್? ಎಂದು ಕೀಬೋರ್ಡು ಕೇಳಿತು. ಯೆಸ್. ಖಂಡಿತವಾ? ಎಂದು ಮತ್ತೊಮ್ಮೆ ಕೇಳಿತು. ಹಳೆಯ ಯಂತ್ರಗಳು ಮನುಷ್ಯರಿಗಿಂತ ಹೆಚ್ಚು ಸಲ ಕೇಳುತ್ತವೆ.

ಯೆಸ್.

ಅಪ್ಪ ಒಂದು ಬೇಸಿಗೆಯಿಡೀ ಕೂತು ಕಟ್ಟಿದ್ದ ಹಾಡು ಕಣ್ಣೆದುರೇ ಹೋಯಿತು. ಅವಳು ಕೈಯನ್ನು ಲಂಗಕ್ಕೆ ಒರೆಸಿಕೊಂಡು ಎರಡನೆಯದನ್ನು ತೆರೆದಳು.

ಹೀಗೆ ಏಳೆಂಟು ಆದ ಮೇಲೆ ತಾಯಿ ಬಾಗಿಲು ತಳ್ಳಿಕೊಂಡು ಬಂದಳು. ಬೈಯಲೆಂದೇ ಬಂದವಳು. ಪರದೆಯ ಪಟ್ಟಿಯಿಂದ ಇನ್ನೊಂದು ಹೆಸರು ಕಾಣೆಯಾದದ್ದು ಕಂಡು ನಿಂತಳು.

"ಅಳಿಸ್ತಿದ್ದೀಯ."

"ಹೂಂ."

"ಅವರು ಕಟ್ಟಿದ್ದನ್ನ."

ಮಗಳು ಕನ್ನಡಕದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ತೋರಿಸಿದಳು. ತಾಯಿಗೆ ಆ ಅಂಕಿಯ ಅರ್ಥ ಗೊತ್ತಿರಲಿಲ್ಲ. ಮಗಳು ಅವಳ ಕಿವಿಯ ಬಳಿ ಬಾಯಿಟ್ಟು, ಫೋನಿನಲ್ಲಿ ಕೇಳಿದ್ದನ್ನೂ ಬಟನ್ನಿನ ಕತೆಯನ್ನೂ ಹೇಳಿದಳು. ಕೆಮ್ಮಿನ ವಿಷಯ ಬಂದಾಗ ತಾಯಿ ಒಮ್ಮೆ ಕಣ್ಣು ಮುಚ್ಚಿದಳು.

"ಅಷ್ಟು ಔಷಧಿ ಕುಡಿಸಿದೆನಲ್ಲೇ" ಎಂದಳು.

ಆಮೇಲೆ ಒಂದು ಕುರ್ಚಿ ಎಳೆದು ಬಾಗಿಲ ಹೊರಗೆ ಹಾಕಿಕೊಂಡು, ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಎಷ್ಟಾಯ್ತು ಎಂದು ನೋಡಲು ಬಂದ ಯಜಮಾನನಿಗೆ, ಮಗಳು ಬಟ್ಟೆ ಬದಲಾಯಿಸ್ತಿದ್ದಾಳೆ ಎಂದಳು. ಅವನು ಎರಡನೆಯ ಸಲ ಬಂದಾಗಲೂ ಅದನ್ನೇ ಹೇಳಿದಳು. ಮೂರನೆಯ ಸಲ ಅವನು, ಏನು ತಂಗೀ, ಬಟ್ಟೆ ನೇಯ್ತಿದ್ದಾಳಾ ಎಂದ. ಕೂತವರಲ್ಲಿ ಒಬ್ಬರು ನಗು ತಡೆಯಲಾಗದೆ ಹೊರಗೆ ಹೋದರು.

*

ಅಂಗಳದ ಮೋಟುಗೋಡೆಯ ಮೇಲೆ ಬೆಳಿಗ್ಗೆಯಿಂದ ಒಬ್ಬ ಕೂತಿದ್ದ. ಒಳಗೆ ಬಂದು ಮುಖ ನೋಡಿರಲಿಲ್ಲ. ಮೈಮೇಲೆ ಪಾರ್ಕಿಂಗಿನಲ್ಲಿ ಚೀಟಿ ಹರಿಯುವವರ ನೀಲಿ ಅಂಗಿ. ಅವನು ಎಡಚ. ಗೋಷ್ಠಿಯ ಡ್ರಮ್ಮಿನವನಾಗಿದ್ದವನು.

ಎಡಗೈಯವನಾದ್ದರಿಂದ ಅವನ ಏಟು ಎಲ್ಲರಿಗಿಂತ ಒಂದು ಕೂದಲು ತಡವಾಗಿ ಬೀಳುತ್ತಿತ್ತು. ಆ ತಡದಲ್ಲೇ ಅದರ ರುಚಿ. ಒಂದು ಭಾನುವಾರ ಮಾಸ್ತರರು ಅವನನ್ನು ಮನೆಗೆ ಕರೆಸಿ, ಮೈಕಿನ ಮುಂದೆ ಕೂರಿಸಿ, ಒಂದೊಂದೇ ಏಟು ಬಿಟ್ಟು ಬಿಟ್ಟು ಹೊಡಿ ಎಂದರು. ರಿಹರ್ಸಲ್ಲಿಗೆ ಬೇಕು ಎಂದು ಯಜಮಾನ ಹೇಳಿದ್ದ, ಅವರು ನಂಬಿದ್ದರು. ಎಡಚ ಹೊಡೆದ. ಜೋರಾಗಿ, ಮೆಲ್ಲಗೆ, ಅಂಚಿನಲ್ಲಿ, ನಡುವಿನಲ್ಲಿ. ಇಬ್ಬರೂ ನಕ್ಕರು, ಒಟ್ಟಿಗೆ ಊಟ ಮಾಡಿದರು. ಸಂಜೆಯ ಹೊತ್ತಿಗೆ ಅವನ ಎಡಗೈ ಪೂರ್ತಿಯಾಗಿ ಕೀಬೋರ್ಡಿನೊಳಗೆ ಇಳಿದಿತ್ತು.

ಮುಂದಿನ ಪ್ರೋಗ್ರಾಮಿಗೆ ವ್ಯಾನು ಎಡಚನ ಬೀದಿಯಲ್ಲಿ ನಿಲ್ಲಲಿಲ್ಲ. ಮರೆತಿರಬೇಕೆಂದು ಅವನು ಬಸ್ಸು ಹಿಡಿದು ಹೋದ. ಹಾಲಿನ ಹಿಂದಿನ ಸಾಲಿನಲ್ಲಿ ನಿಂತು ನೋಡಿದ: ಸ್ಟೇಜಿನ ಮೇಲೆ ಡ್ರಮ್ಮಿಲ್ಲ, ಸ್ಟೂಲಿಲ್ಲ, ಅವನಿಲ್ಲ, ಅವನ ಏಟು ಮಾತ್ರ ಬೀಳುತ್ತಿತ್ತು, ಅದೇ ಕೂದಲೆಳೆಯ ತಡದೊಂದಿಗೆ. ಜನ ಅದಕ್ಕೆ ಕಾಲು ಕುಣಿಸುತ್ತಿದ್ದರು. ಒಬ್ಬ ಮನುಷ್ಯನ ಕೈ ಕಡಿದುಕೊಂಡು ಮೈಯನ್ನು ಬೀದಿಗೆ ಎಸೆದರೂ ರಕ್ತ ಬರದ ಉಪಾಯ ಅದು.

ಆಮೇಲೆ ಗಿಟಾರಿನವನು ಹೋದ, ಕೊಳಲಿನವನು ಹೋದ. ಮಾಸ್ತರರು ಎಡಚನ ಬಾಗಿಲಿಗೆ ಎಷ್ಟೋ ಸಲ ಹೋದರು. ಅದು ತೆರೆಯಲಿಲ್ಲ. ಅಂಥ ಒಂದು ಸಂಜೆ ಮನೆಗೆ ಬಂದವರೇ ಬ್ಲೇಡು ಹುಡುಕಿ ಕೇಬಲ್ಲಿನ ಪಿನ್ನು ಬಿಚ್ಚಿದ್ದರು. ಹಾಡು ಆಡಿಯೋ ಆದ ದಿನ ಕೀಬೋರ್ಡಿನವನೂ ಬೇಡ, ಅವನು ಬಟನ್ ಒತ್ತಿ ಕಾಪಾಡುತ್ತಿರುವ ಹೆಂಗಸೂ ಬೇಡ ಎಂಬುದು ಅವರಿಗೆ ಅಷ್ಟು ಹೊತ್ತಿಗೆ ಮನದಟ್ಟಾಗಿತ್ತು.

*

"ಸಾಕು ತಂಗೀ, ಏಳು" ಎಂದು ಯಜಮಾನ ಕುರ್ಚಿಯ ಹಿಂಭಾಗಕ್ಕೆ ಕೈ ಹಾಕಿದ. ತಾಯಿ ಏಳಲಿಲ್ಲ. ಅವನು ಕುರ್ಚಿಯ ಮೇಲಿಂದಲೇ ಕೈ ಚಾಚಿ ಬಾಗಿಲು ತಳ್ಳಿದ.

ಮಗಳು ಕನ್ನಡಕದ ಡಬ್ಬಿಯನ್ನು ಸರಿಮಾಡಿ ಎದ್ದು ನಿಂತಳು. ಬಹಳಷ್ಟು ಆಗಿದೆ, ಸ್ವಲ್ಪವೇ ಉಳಿದಿದೆ ಎಂದಳು. ಒಂದು ಕೇಳಿಸು ಎಂದ. ಹೆಡ್‌ಫೋನು ಕೊಟ್ಟಳು. ಗೋಷ್ಠಿಯಲ್ಲಿ ಗಂಡಸರ ಹಾಡುಗಳನ್ನು ಯಜಮಾನನೇ ಹಾಡುತ್ತಿದ್ದ. ಅವನ ಕಿವಿ ಇರುವುದು ಕನ್ನಡಕ ಸಿಕ್ಕಿಸುವುದಕ್ಕೆ ಎಂದು ಮಾಸ್ತರರು ಹೇಳುತ್ತಿದ್ದರು. ಈಗಲೂ ಅವನ ಕಾಲು ತಾಳಕ್ಕೆ ಸಂಬಂಧವಿಲ್ಲದೆ ನೆಲ ತಟ್ಟಿತು.

"ಪಿಚ್ಚು ಒರಿಜಿನಲ್ಲಾ?"

"ಕೀಬೋರ್ಡಲ್ಲಿ ಇದ್ದದ್ದೇ ಬಂದಿದೆ."

"ನಿಮ್ಮಪ್ಪ ಆಡ್ತಿದ್ದ ಆಟ ನನಗೆ ಗೊತ್ತಿಲ್ಲ ಅಂದ್ಕೋಬೇಡ" ಎಂದು ಯಜಮಾನ ಕಿಟಕಿಯ ಕಡೆ ತಿರುಗಿದ. ಗೋಡೆಯ ಮೇಲೆ ನೀಲಿ ಅಂಗಿ ಕಾಣುತ್ತಿತ್ತು. "ಎಡಚಾ, ಬಾ ಇಲ್ಲಿ. ನಿನ್ನ ಕಿವಿ ಬೇಕಾಗಿದೆ."

ಹೊರಗಿನ ಕೋಣೆಯ ಮಾತು ನಿಂತಿತು. ಎಡಚ ಗೋಡೆಯಿಂದ ಇಳಿದು, ಚಪ್ಪಲಿ ಬಿಟ್ಟು, ಒಳಗೆ ಬಂದ. ಮಂಚದ ಪಕ್ಕದಲ್ಲೇ ಹಾದು ಬರಬೇಕಿತ್ತು. ಎರಡೂ ಕೆನ್ನೆ ನುಣ್ಣಗಿದ್ದ ಆ ಮುಖವನ್ನು ನೋಡಿದ, ನಿಲ್ಲಲಿಲ್ಲ. ತಾಯಿ ತಾನಾಗಿ ಕುರ್ಚಿ ಸರಿಸಿದಳು.

ಯಜಮಾನ ಅವನ ಹೆಗಲ ಮೇಲೆ ಕೈ ಹಾಕಿದ. ಇನ್ನು ಮೇಲೆ ಸ್ಟೇಜಿನಲ್ಲಿ ಲ್ಯಾಪ್‌ಟಾಪಿನ ಬಟನ್ ಒತ್ತೋಕೆ ನಂಬಿಕೆಯವನೊಬ್ಬ ಬೇಕು, ಬಿಸಿಲಲ್ಲಿ ನಿಂತು ಚೀಟಿ ಹರಿಯೋದು ನಿನ್ನಂಥ ಕಲಾವಿದ ಮಾಡೋ ಕೆಲಸವೇ ಎಂದ. ಹೇಳಿ ಹೆಡ್‌ಫೋನನ್ನು ತಾನೇ ಅವನ ತಲೆಗೆ ಸಿಕ್ಕಿಸಿದ.

ಮಗಳು ಹಾಡು ಹಾಕಿದಳು. ಎಡಚ ಕಣ್ಣು ಮುಚ್ಚಲಿಲ್ಲ. ಗೋಡೆಯನ್ನೇ ನೋಡುತ್ತ ನಿಂತ. ಸ್ವಲ್ಪ ಹೊತ್ತಿಗೆ ಅವನ ಎಡಗೈಯ ಬೆರಳುಗಳು ತೊಡೆಯ ಮೇಲೆ ಅಲುಗಿದವು. ಹೆಡ್‌ಫೋನಿನಲ್ಲಿ ಬೀಳುತ್ತಿದ್ದ ಏಟೂ ತೊಡೆಯ ಮೇಲಿನ ಬೆರಳೂ ಒಂದೇ ಕ್ಷಣಕ್ಕೆ, ಎರಡೂ ಅಷ್ಟೇ ತಡವಾಗಿ, ಇಳಿಯುತ್ತಿದ್ದವು. ಆ ಕೈಯನ್ನು ಕಿತ್ತುಕೊಂಡವನು ಪಕ್ಕದ ಕೋಣೆಯಲ್ಲಿ ಮಲಗಿದ್ದ, ಕಿತ್ತುಕೊಳ್ಳಲು ಹೇಳಿದವನು ಹೆಗಲ ಮೇಲೆ ಕೈಯಿಟ್ಟು ನಿಂತಿದ್ದ. ಒಂದು ಮಾತು ಹೇಳಿದರೆ ಸಾಕು, ಇಬ್ಬರಲ್ಲಿ ಒಬ್ಬರ ಲೆಕ್ಕ ಇವತ್ತೇ ಚುಕ್ತಾ.

ಅವನು ಬಗ್ಗಿ ಕನ್ನಡಕದ ಡಬ್ಬಿಯನ್ನು ಎತ್ತಿದ. ಎಡಚ ಪರದೆಯನ್ನು ನೋಡಿದ. ಡಬ್ಬಿಯನ್ನು ತೆರೆದು, ಒಳಗಿದ್ದ ಕನ್ನಡಕವನ್ನು ನೋಡಿ, ಮುಚ್ಚಿ, ಎಲ್ಲಿಂದ ತೆಗೆದನೋ ಅಲ್ಲೇ, ಅಡ್ಡಲಾಗಿ, ಇಟ್ಟ.

"ಒರಿಜಿನಲ್ಲೇ" ಎಂದ. "ಕೂದಲೆಳೆಯಷ್ಟೂ ಕದಲಿಲ್ಲ."

"ಖರೆ?"

"ನಿಮಗೆ ಅನುಮಾನ ಇದ್ರೆ ನೀವೇ ಹಾಡಿ ನೋಡಿ."

ಯಜಮಾನ ಹಾಡಿ ನೋಡಲಿಲ್ಲ. ತೃಪ್ತನಾಗಿ ಅವನ ಬೆನ್ನು ತಟ್ಟಿ, ನಾಳೆ ಬಾ ಹಾಗಾದ್ರೆ ಎಂದು ಹೊರಗೆ ಹೋಗಿ, ಜೇಬಿನಿಂದ ಫೋನು ತೆಗೆದ.

ಎಡಚ ಹೆಡ್‌ಫೋನನ್ನು ಕಳಚಿ ಮಗಳ ಕೈಗೆ ಕೊಟ್ಟ. "ನಿಮ್ಮಪ್ಪ ನಾಲ್ಕಕ್ಕೆ ಇಳಿಸಿದ್ದಾನಾ?" ಎಂದು ಪಿಸುದನಿಯಲ್ಲಿ ಕೇಳಿದ.

"ಹೂಂ, ಮಾಮ."

"ನಾನಿದ್ದಾಗ ಎರಡಿತ್ತು."

ಮಗಳು ಅವನನ್ನೇ ನೋಡಿದಳು.

"ನಾವು ಹಿಂದೆ ಕೂತೋರು" ಎಂದ ಎಡಚ. "ಹಿಂದೆ ಕೂತೋರಿಗೆ ಎಲ್ಲ ಕಾಣುತ್ತೆ. ನಾಳೆ ಅಂವ ಕರೆದಲ್ಲಿಗೆ ನಾನೇನೂ ಹೋಗಲ್ಲ. ನೀನು ಮುಗಿಸು." ಹೊರಗೆ ಹೋಗಿ ಈ ಸಲ ಮಂಚದ ತಲೆಯ ಕಡೆ, ನೆಲದ ಮೇಲೆ, ಕಾಲು ಮಡಚಿ ಕೂತ.

*

ರೈಲು ಬಂದಿತ್ತು. ಚಿಕ್ಕಪ್ಪ ಬ್ಯಾಗು ಹೊತ್ತುಕೊಂಡೇ ಒಳಗೆ ನುಗ್ಗಿ ಅಣ್ಣನ ಪಾದದ ಮೇಲೆ ತಲೆಯಿಟ್ಟದ್ದು, ಅಳು ಒಮ್ಮೆಲೇ ಎದ್ದದ್ದು, ಯಜಮಾನ ಹೊತ್ತಾಯ್ತು ಹೊತ್ತಾಯ್ತು ಎಂದದ್ದು ಎಲ್ಲ ಗೋಡೆಯಾಚೆ ನಡೆಯಿತು. ಮಗಳ ಮುಂದೆ ಒಂದೇ ಒಂದು ಹೆಸರು ಉಳಿದಿತ್ತು. ಹಾಡತ್ತೆಗೆಂದು ಅಪ್ಪ ಕಟ್ಟಿದ ಮೊಟ್ಟಮೊದಲ ಟ್ರ್ಯಾಕು. ಪ್ರತಿ ಪ್ರೋಗ್ರಾಮು ಶುರುವಾಗುತ್ತಿದ್ದದ್ದು ಅದರಿಂದಲೇ. ಅವಳ ದನಿ ಎಲ್ಲಕ್ಕಿಂತ ಎತ್ತರಕ್ಕೆ ಏರಬೇಕಾದ್ದೂ ಅದರಲ್ಲೇ. ಅಳಿಸಲು ಕೈ ಬಾರದೆ ಕೊನೆಗೆ ಉಳಿಸಿಕೊಂಡಿದ್ದಳು.

ಬಾಗಿಲು ಸರಿಯಿತು. ಯಜಮಾನನಲ್ಲ, ಹಾಡತ್ತೆ. ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು.

"ಕರೀತಿದ್ದಾರೆ ಮಗಾ. ಮುಖ ನೋಡ್ಕೋ ಬಾ."

"ಒಂದೇ ಉಳಿದಿದೆ ಅತ್ತೆ. ಹಾಕಿ ಬಂದ್ಬಿಡ್ತೀನಿ, ಅದು ತಾನೇ ಓಡ್ತಿರುತ್ತೆ."

"ಯಾವುದು?"

ಮಗಳು ಹೇಳಿದಳು. ಹಾಡತ್ತೆ ಮೇಜಿನ ಹತ್ತಿರ ಬಂದು, ಮಗಳು ತಡೆಯುವ ಮೊದಲೇ, ಕನ್ನಡಕದ ಡಬ್ಬಿಯನ್ನು ಎತ್ತಿ ಎದೆಗೆ ಹಿಡಿದುಕೊಂಡಳು. ಪರದೆಯಲ್ಲಿ ಮೈನಸ್ ನಾಲ್ಕು.

ಮಗಳು ಡಬ್ಬಿಗೆ ಕೈ ಚಾಚಿದಳು. "ಅದು ಸುಮ್ನೆ, ರೆಕಾರ್ಡಿಂಗಿಗೆ ಹಾಗೆ ಇಡ್ಬೇಕು. ಮೊದಲಿಂದ್ಲೂ ನಿಮ್ಮ ಪಿಚ್ಚೇ..."

"ನಿಮ್ಮಪ್ಪ ನಿನಗಿಂತ ಚೆನ್ನಾಗಿ ಸುಳ್ಳು ಹೇಳ್ತಿದ್ರು" ಎಂದಳು ಹಾಡತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ. "ಒಂದು ಸಲ ಕೆಮ್ಮಿದ್ರೆ ಒಂದು. ಪರದೆ ಹಿಂದೆ ನಿಂತು ಎಣಿಸ್ಕೊಂಡೇ ಬರ್ತಿದ್ದೆ. ಕೆಮ್ಮಿನ ಲೆಕ್ಕ ಸಿಗದೆ ನಾನು ಯಾವತ್ತೂ ಬಾಯಿ ತೆಗೆದಿಲ್ಲ."

"ಹಾಗಾದ್ರೆ ಗೊತ್ತಿತ್ತಾ ಅತ್ತೆ?"

"ಅಷ್ಟು ಕಷ್ಟಪಟ್ಟು ಮುಚ್ಚಿಡ್ತಿದ್ರು. ಗೊತ್ತಿದೆ ಅಂದ್ರೆ ಪಾಪ, ಆಮೇಲೆ ಕೈ ನಡುಗ್ತಿತ್ತು ಅವರಿಗೆ." ಡಬ್ಬಿಯನ್ನು ಮೇಜಿನ ಮೇಲಿಟ್ಟಳು. "ಬೆಳಿಗ್ಗೆಯಿಂದ ಈ ಬಾಗಿಲಿಗೇ ಕಿವಿಯಿಟ್ಟು ಟೀ ಸೋಸ್ತಿದ್ದೆ. ನಿನ್ನ ಕೆಮ್ಮು ಕೇಳಿಸ್ಲಿಲ್ಲ. ಮುಗೀತು ನನ್ನ ಕತೆ ಅಂದ್ಕೊಂಡೆ."

ಹೊರಗೆ ಚಿಕ್ಕಪ್ಪ ಯಾರು ಯಾವ ಕಡೆ ಎಂದು ಹೇಳುತ್ತಿದ್ದ. ಎಡಚ ತಲೆಯ ಕಡೆ ಎಡಗಡೆ ತನಗಿರಲಿ ಎಂದ. ವ್ಯಾನಿನ ಹಿಂಬಾಗಿಲು ಕಿರ್ರೆಂದು ತೆರೆಯಿತು. ತಾಯಿ ಕೋಣೆಯ ಹೊಸ್ತಿಲಿಗೆ ಬಂದು ನಿಂತು, ಮೇಜನ್ನೂ ಮಗಳನ್ನೂ ಹಾಡತ್ತೆಯನ್ನೂ ಒಂದೇ ನೋಟದಲ್ಲಿ ನೋಡಿ, ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಮಗಳು ರೆಕಾರ್ಡಿನ ಕೆಂಪು ಚುಕ್ಕಿಯ ಮೇಲೆ ಬೆರಳಿಟ್ಟಳು.

"ತಡಿ" ಎಂದಳು ಹಾಡತ್ತೆ.

ಅವಳು ಮೇಜಿನ ಎಡಮೂಲೆಗೆ ಬಗ್ಗಿದಳು. ಆ ಬಟನ್ನಿನ ಮೇಲಿದ್ದ ಅಕ್ಷರ ಸವೆದು ಬೆಳ್ಳಗಾಗಿತ್ತು. ಹೆಬ್ಬೆರಳನ್ನು ಅದರ ಮೇಲೆ ಇಟ್ಟು, ಇನ್ನೊಂದು ಕೈಯ ಮುಷ್ಟಿಯನ್ನು ಬಾಯಿಗೆ ಅಡ್ಡ ಹಿಡಿದು, ಒಂದು ಸಲ ಕೆಮ್ಮಿದಳು.

ಮಂಚಕ್ಕೆ ಕೈ ಹಾಕಿದ್ದವರೆಲ್ಲ ತಟ್ಟನೆ ತಲೆ ಎತ್ತಿ ಒಳಗೆ ನೋಡಿದರು. ಪರದೆಯ ಮೇಲೆ ನಾಲ್ಕು ಐದಾಯಿತು.